ಪೆನ್‌ಡ್ರೈವ್ ನಂಬಿ ಕೂರಬೇಡಿ

ಮಾನ್ಯರೇ,

ಮದುವೆ, ಗೃಹಪ್ರವೇಶದ ಫೋಟೊಗಳು ಈಗ ಪೆನ್‌ಡ್ರೈವ್‌ನಲ್ಲಿ ಮನೆಗೆ ಬರುತ್ತವೆ, ನೇರ ಬೀರು ಸೇರುತ್ತವೆ. ಪೆನ್‌ಡ್ರೈವ್ ಮಾಹಿತಿಯನ್ನು ವಿದ್ಯುದಾವೇಶವಾಗಿ ಹಿಡಿದಿಡುವುದರಿಂದ, ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಆವೇಶ ಸೋರಿ ಫೈಲ್ ಕೆಡಬಹುದು. ಬಂದ ದಿನವೇ ಕಂಪ್ಯೂಟರ್‌ಗೊಂದು, ಹಾರ್ಡ್‌ಡಿಸ್ಕ್‌ಗೊಂದು ಪ್ರತಿ ಮಾಡಿಕೊಳ್ಳಿ. ಮೂರನೆಯದು ಬೇರೆ ಮನೆಯಲ್ಲೋ ಕ್ಲೌಡ್‌ನಲ್ಲೋ (ಇಂಟರ್ನೆಟ್ ಮೂಲಕ ಬಳಸುವ ಸಂಗ್ರಹ) ಇರಲಿ. ಕಳ್ಳತನವಾದರೆ ಎರಡೂ ಒಟ್ಟಿಗೇ ಹೋಗುತ್ತವಲ್ಲ!

‘ಗೂಗಲ್ ಫೋಟೋಸ್‌ನಲ್ಲಿದೆ ಬಿಡಿ’ ಎನ್ನುವವರೇ ಹೆಚ್ಚು. ಅಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಅದೂ ಜಿಮೇಲ್, ಗೂಗಲ್ ಡ್ರೈವ್ ಜತೆ ಹಂಚಿಕೊಂಡು. ಜಾಗ ತುಂಬಿದರೆ ಹೊಸ ಫೋಟೊ ಏರುವುದು ನಿಲ್ಲುತ್ತದೆ. ಆ ಆ್ಯಪ್‌ನಲ್ಲಿ ‘ಡಿಲೀಟ್’ ಒತ್ತಿದರೆ ಫೋನ್‌ನದ್ದರ ಜತೆಗೆ ಕ್ಲೌಡ್‌ನ ಪ್ರತಿಯೂ ಹೋಗುತ್ತದೆ. ಕಸದಬುಟ್ಟಿಯಲ್ಲಿ ಉಳಿಯುವುದು 60 ದಿನ ಮಾತ್ರ. ಫೋನ್ ಖಾಲಿ ಮಾಡಲಷ್ಟೇ ಆದರೆ ‘ಫ್ರೀ ಅಪ್ ಸ್ಪೇಸ್’ ಬಳಸಿ.

ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ತರಿಸಿಕೊಂಡರೆ ಗಾತ್ರ ಕುಗ್ಗುತ್ತದೆ, ತೆಗೆದ ದಿನಾಂಕದ ವಿವರವೂ ಅಳಿಸಿಹೋಗುತ್ತದೆ. ಆಮೇಲೆ ತಾರೀಖಿನ ಪ್ರಕಾರ ಜೋಡಿಸಲು ಹೊರಟರೆ ಎಲ್ಲ ಕಲಸುಮೇಲೋಗರ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿದರೆ ಮೂಲ ಫೈಲೇ ಬರುತ್ತದೆ.

ಫೋಲ್ಡರ್ ಹೆಸರಿನಲ್ಲಿ ವರ್ಷ ಮೊದಲಿರಲಿ: ‘2024-05-12 ಗೃಹಪ್ರವೇಶ’. ದಿನ ಮೊದಲಿಟ್ಟರೆ ಕಂಪ್ಯೂಟರ್ ಎಲ್ಲ ವರ್ಷಗಳ 12ನೇ ತಾರೀಖನ್ನು ಒಂದೆಡೆ ಗುಡ್ಡೆ ಹಾಕುತ್ತದೆ. ಮುಖ ಗುರುತಿಸುವ ಆ್ಯಪ್‌ಗಳಿಗಿಂತ ಇದೇ ವಾಸಿ. ವರ್ಷಕ್ಕೊಮ್ಮೆ ಹಾರ್ಡ್‌ಡಿಸ್ಕ್ ಜೋಡಿಸಿ, ನಾಲ್ಕಾರು ಫೋಲ್ಡರ್‌ಗಳ ಚಿತ್ರ ಪೂರ್ತಿ ತೆರೆದು ನೋಡಿ. ಹೆಸರು ಕಾಣಿಸಿದ ಮಾತ್ರಕ್ಕೆ ಫೈಲ್ ಸರಿಯಿದೆ ಎಂದಲ್ಲ.

– ಓದುಗ, ಶಿವಮೊಗ್ಗ