ಟೆಂಟಿಗೆ ಮರುಜೀವ ಕೊಟ್ಟ ಬಂದರಿನ ಅಣ್ಣನಿಗೆ

ಮಂಗಳೂರು ಬಂದರಿನ ಆ ಟರ್ಪಾಲ್ ಅಂಗಡಿಯ ಅಣ್ಣ, ಹೆಸರು ಕೇಳುವುದಕ್ಕೂ ನೀವು ಪುರುಸೊತ್ತು ಕೊಡಲಿಲ್ಲ. ಅದಕ್ಕೇ ಇಲ್ಲಿ ಧನ್ಯವಾದ ಹೇಳುತ್ತಿದ್ದೇನೆ.

ಮಾವನ ಹಳೆ ನೈಲಾನ್ ಟೆಂಟ್ ಅಟ್ಟದಲ್ಲಿ ಬಿದ್ದು ಅಂಟಂಟಾಗಿತ್ತು, ಕೆಟ್ಟ ವಾಸನೆ ಬೇರೆ. ಬಿಸಾಡು ಅಂದವರೇ ಜಾಸ್ತಿ. ನೀವು ಮಾತ್ರ ಎರಡೂ ಕೈಯಲ್ಲಿ ಎಳೆದು ನೋಡಿ, "ಬಟ್ಟೆ ಗಟ್ಟಿ ಉಂಟು ಮಾರಾಯ್ರೆ, ಹಾಳಾದದ್ದು ಒಳಗಿನ ಲೇಪ" ಅಂದಿರಿ. ನೀರು ತಡೆಯಲು ಬಳಿಯುವ ಪಾಲಿಯುರಥೇನ್ ಎಂಬ ಪ್ಲಾಸ್ಟಿಕ್ ಲೇಪ ಅದು, ಅದಕ್ಕೆ ತೇವ ಆಗಿಬರುವುದಿಲ್ಲ. ನಮ್ಮದೋ ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುವ ಊರು, ಅಲ್ವಾ? ನೀವು ಹೇಳಿದಂತೆ ಸೋಪುನೀರಲ್ಲಿ ನೆನೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಎಂಬ ಸ್ಪಿರಿಟ್ ಹಾಕಿ ಉಜ್ಜಿದೆ. ಹಳೆ ಲೇಪ ಸುಲಿದು ಬಂತು. ಒಣಗಿಸಿ ಹೊಸದು ಬಳಿದೆ.

ಹರಿದ ಕಡೆ ನೀವೇ ಹೊಲಿದಿರಿ. ಹತ್ತಿ ನೂಲು ಕೊಳೆಯುತ್ತದೆ ಎಂದು ಪಾಲಿಯೆಸ್ಟರ್ ದಾರ. ಸಪೂರ ಸೂಜಿ, ಯಾಕೆಂದರೆ ತೂತು ದೊಡ್ಡದಾದರೆ ನೀರಿಗೆ ದಾರಿ. ಈ ಲೇಪದ ಮೇಲೆ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ, ಹೊಲಿಗೆಗೂ ತೂತು ಮುಚ್ಚುವ ಪಾಲಿಯುರಥೇನ್ ಸೀಲರನ್ನೇ ಹಚ್ಚಿ ಎಂದು ಹೇಳಿ ನನ್ನ ದುಡ್ಡೂ ಉಳಿಸಿದಿರಿ.

ಕೊನೆಗೆ ದಾರದ ಕಾಸು ಮಾತ್ರ ತೆಗೆದುಕೊಂಡಿರಿ. ಇದು ನ್ಯಾಯ ಅಲ್ಲ ಅಣ್ಣ. ಅಂಗಳದಲ್ಲಿ ಟೆಂಟ್ ಕಟ್ಟಿ ಪೈಪಿನಲ್ಲಿ ನೀರು ಬಿಟ್ಟೆವು, ಒಳಗೆ ಒಂದು ಹನಿ ಇಲ್ಲ. ಮುಂದಿನ ವಾರ ಮಕ್ಕಳನ್ನು ಕರೆದುಕೊಂಡು ಅಂಗಡಿಗೆ ಬರುತ್ತೇನೆ, ಆಗ ಕೂಲಿ ಬೇಡ ಅನ್ನಬೇಡಿ.