ಆ ಜೆಲ್ ಮಾಡಿದ್ದು ನಾವಲ್ಲ

ಮಾನ್ಯ ಸಂಪಾದಕರೇ,

ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಜೆಲ್ ಇಂಧನ, ಅಂದರೆ ಸ್ಪಿರಿಟ್ ಹೆಪ್ಪುಗಟ್ಟಿಸಿ ಮಾಡುವ ಒಲೆ ಇಂಧನದ ತರಬೇತಿ ಶಿಬಿರದ ವರದಿ ಬಂದಿದೆ. ಜೊತೆಗೆ ಫೋಟೊ ಕೂಡ ಇದೆ. ಎಡಗಡೆ ಅರ್ಧ ಮುಖ ಮಾತ್ರ ಕಾಣುತ್ತಿದೆಯಲ್ಲ, ಅದು ನಾನೇ. ಮಹಿಳೆಯರೇ ತಯಾರಿಸಿದ ಜೆಲ್‌ನಿಂದ ಒಲೆ ಉರಿಯಿತು ಅಂತ ಕೆಳಗೆ ಬರೆದಿದ್ದೀರಿ. ಆ ಜೆಲ್ ನಾವು ಮಾಡಿದ್ದಲ್ಲ. ಅದು ತರಬೇತಿಯವರು ತಮ್ಮ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದ ರೆಡಿಮೇಡ್ ಡಬ್ಬಿ. ನಾವು ಮಾಡಿದ್ದು ಜೆಲ್ ಆಗಲೇ ಇಲ್ಲ, ಬಕೆಟ್‌ನಲ್ಲಿ ನೀರಾಗಿಯೇ ಉಳಿಯಿತು.

ಅದಾದ ಮೇಲೆ ಬೆಂಕಿ ಹೊತ್ತಿಕೊಂಡಿತು. ಅದರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇಲ್ಲ. ನಿಮ್ಮ ವರದಿಗಾರರು ಫೋಟೊ ತೆಗೆದ ಕೂಡಲೇ ಹೊರಟುಬಿಟ್ಟರು. ಹಾಗಾದರೆ ಶಿಬಿರ ಯಶಸ್ವಿ ಅಂತ ಬರೆಯೋಕೆ ಅವರಿಗೆ ಹೇಳಿದ್ದು ಯಾರು?

ನಡೆದದ್ದನ್ನು ಹೇಳುತ್ತೇನೆ. ಬೆಳಿಗ್ಗೆ 9ಕ್ಕೆ ಬನ್ನಿ ಅಂತ ತರಬೇತಿಯವರು ಹೇಳಿದ್ದರು. ಒಂದು ದಿನದ ಕೂಲಿ ಬಿಟ್ಟು ಹೋದೆ. ಪಾತ್ರೆ ನೀವೇ ತನ್ನಿ ಅಂದಿದ್ದಕ್ಕೆ ಮನೆಯ ದೊಡ್ಡ ಪಾತ್ರೆಯನ್ನೇ ಹೊತ್ತುಕೊಂಡು ಹೋದೆ. ಅವರು ಬಂದಾಗ ಹನ್ನೆರಡು ಹೊಡೆಯುತ್ತಿತ್ತು. ತಡ ಆಯ್ತು ಅನ್ನುವ ಒಂದು ಮಾತೂ ಇಲ್ಲ. ಸೌದೆ ಹೊಗೆಯಿಂದ ಆಗುವ ತೊಂದರೆ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದರು. ಮನೆಯೊಳಗಿನ ಹೊಗೆಯಿಂದ ಲೋಕದಲ್ಲಿ 2020ರ ಒಂದೇ ವರ್ಷ 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಲೆಕ್ಕ ಕೊಟ್ಟಿದೆ. ಅದು ನಿಜ, ನಾನು ಒಪ್ಪುತ್ತೇನೆ. ಆದರೆ ಹೊಗೆ ಅಂದರೆ ಏನು ಅಂತ ನಮಗೆ ಅರ್ಧ ಗಂಟೆ ಹೇಳಿಕೊಡಬೇಕಾ? ಅದನ್ನು ದಿನಾ ಕುಡಿಯುತ್ತಿರುವವರು ನಾವು. ನಮಗೆ ಬೇಕಾಗಿದ್ದದ್ದು ಹೊಗೆ ಇಲ್ಲದ ಒಲೆ ಹಚ್ಚುವ ದಾರಿ.

ಆ ದಾರಿ ಕಷ್ಟದ್ದೇನಲ್ಲ. ಅದಕ್ಕೇ ನನಗೆ ಇಷ್ಟು ಸಿಟ್ಟು. ಮೊಟ್ಟೆ ಚಿಪ್ಪಿನ ಪುಡಿಯನ್ನು ವಿನೆಗರ್‌ಗೆ ಹಾಕಿದರೆ ಬುಸ್ ಅಂತ ನೊರೆ ಬರುತ್ತದೆ, ಆಮೇಲೆ ಕ್ಯಾಲ್ಸಿಯಂ ಅಸಿಟೇಟ್ ಅನ್ನುವ ಉಪ್ಪು ನೀರಲ್ಲಿ ಉಳಿಯುತ್ತದೆ. ಆ ನೀರನ್ನು ಚೆನ್ನಾಗಿ ಗಟ್ಟಿ ಮಾಡಿಕೊಂಡು, ಒಂದು ಪಾಲಿಗೆ ಐದಾರು ಪಾಲು ಸ್ಪಿರಿಟ್, ಅಂದರೆ ಎಥನಾಲ್ ಅನ್ನುವ ಮದ್ಯಸಾರ, ಸುರಿದರೆ ಕಣ್ಣೆದುರೇ ಹೆಪ್ಪುಗಟ್ಟುತ್ತದೆ. ಸ್ಪಿರಿಟ್ ಮಾತ್ರ ಶೇ 90ಕ್ಕಿಂತ ಜಾಸ್ತಿ ಇರಬೇಕು, ನೀರು ಬೆರೆತದ್ದಾದರೆ ಆಗಲ್ಲ. ದ್ರವ ಸ್ಪಿರಿಟ್ ಒಲೆ ಉರುಳಿದರೆ ಬೆಂಕಿ ನೆಲದ ಮೇಲೆಲ್ಲ ಹರಿಯುತ್ತದೆ. ಜೆಲ್ ಹಾಗೆ ಹರಿಯಲ್ಲ, ಮಸಿಯೂ ಇಲ್ಲ. ಮಕ್ಕಳಿರುವ ಮನೆಗೆ ಇದು ದೊಡ್ಡ ವಿಷಯ ಅಲ್ವಾ?

ಅವರು ಮಾಡಿದ್ದೇನು? ಮೊಟ್ಟೆ ಚಿಪ್ಪಿನ ಬದಲು ಕಪ್ಪು ಹಲಗೆಗೆ ಬರೆಯುವ ಸೀಮೆಸುಣ್ಣ ತಂದಿದ್ದರು. ಈಗಿನ ಸೀಮೆಸುಣ್ಣ ಹೆಚ್ಚಾಗಿ ಜಿಪ್ಸಂನಿಂದ ಮಾಡಿದ್ದು. ಅದು ವಿನೆಗರ್ ಜೊತೆ ಸೇರಲ್ಲ. ನೊರೆಯೇ ಬರಲಿಲ್ಲ. ಯಾಕೆ ಬರ್ತಿಲ್ಲ ಅಂತ ಕೇಳಿದ್ದಕ್ಕೆ ಇನ್ನೂ ಜೋರಾಗಿ ಕಲಸಿ ಅಂದರು. ಕಲಸಿ ಕಲಸಿ ನಮ್ಮ ಕೈ ಸೋತವು. ಕೊನೆಗೆ ನಾವೇ ಮನೆಗಳಿಗೆ ಓಡಿ ಮೊಟ್ಟೆ ಚಿಪ್ಪು ತಂದು ಪುಡಿ ಮಾಡಿ ಹಾಕಿದೆವು. ಆಗ ನೊರೆ ಬಂತು. ಆದರೆ ಅವರಿಗೆ ನೀರು ಇಂಗಿಸುವಷ್ಟೂ ತಾಳ್ಮೆ ಇರಲಿಲ್ಲ. ಶೇ 5ರ ವಿನೆಗರ್ ಅಂದರೆ ಹೆಚ್ಚುಕಮ್ಮಿ ನೀರೇ. ಕಾಲು ಲೀಟರ್ ವಿನೆಗರ್‌ಗೆ 10 ಗ್ರಾಂ ಚಿಪ್ಪು ಹಾಕಿದರೆ ಸಿಗುವ ಉಪ್ಪು ಸುಮಾರು 15 ಗ್ರಾಂ. ಆ ಕಾಲು ಲೀಟರ್ ಇಂಗಿ 45 ಮಿಲಿಲೀಟರ್ ಆಸುಪಾಸಿಗೆ ಇಳಿಯಬೇಕು, ಆಮೇಲೆ ಸ್ಪಿರಿಟ್. ಇವರು ಹಾಗೇ ಸುರಿದರು. ಇದ್ದಬದ್ದ ಸ್ಪಿರಿಟ್ ಎಲ್ಲ ವ್ಯರ್ಥ ಆಯಿತು.

ಇಂಗಿಸೋಕೆ ಸೌದೆ ಉರಿಸಬೇಕಲ್ಲ, ಹಾಗಾದರೆ ಸೌದೆ ಉಳಿದದ್ದೆಲ್ಲಿ ಅಂತ ಪಕ್ಕದ ಮನೆಯ ಅಜ್ಜಿ ಕೇಳಿದರು. ಇಡೀ ದಿನದಲ್ಲಿ ಬಂದ ಒಳ್ಳೆಯ ಪ್ರಶ್ನೆ ಅದೊಂದೇ. ಅಗಲ ತಟ್ಟೆಯಲ್ಲಿ ಹಾಕಿ ಮೇಲೊಂದು ತೆಳು ಬಟ್ಟೆ ಕಟ್ಟಿ ಬಿಸಿಲಿಗೆ ಇಟ್ಟರೆ ಸಾಕಿತ್ತು. ಎರಡು ಮೂರು ದಿನ ಹಿಡಿಯುತ್ತಿತ್ತು, ಹಿಡಿಯಲಿ. ಹಿಂದಿನ ವಾರವೇ ಹೇಳಿ ಕಳಿಸಿದ್ದರೆ ನಾವೇ ಇಂಗಿಸಿ ಇಡುತ್ತಿದ್ದೆವು. ಅಜ್ಜಿಗೆ ಸಿಕ್ಕ ಉತ್ತರ ಏನು ಗೊತ್ತಾ? ಆಮೇಲೆ ನೋಡೋಣ ಕೂತ್ಕೊಳ್ಳಿ ಅಂತ.

ಎರಡು ಗಂಟೆ ದಾಟಿತ್ತು. ನಿಮ್ಮ ವರದಿಗಾರರು ಗಡಿಯಾರ ನೋಡುತ್ತಿದ್ದರು. ಆಗ ಚೀಲದಿಂದ ಆ ಡಬ್ಬಿ ಹೊರಬಂತು. ಹಚ್ಚಿದರು, ಮೇಲೆ ನನ್ನ ಪಾತ್ರೆ ಇಟ್ಟರು, ಫೋಟೊ ಆಯಿತು. ಸುಮ್ನೆ ನಿಂತು ನೋಡಿದ ನಮ್ಮನ್ನೂ ನಾನು ಬೈದುಕೊಳ್ಳುತ್ತೇನೆ. ಆಗಲೇ ಬಾಯಿ ಬಿಡಬೇಕಿತ್ತು.

ನೀರು ಕುದಿಯಲೇ ಇಲ್ಲ. ಜೆಲ್ ಕಡಿಮೆಯಾಗಿತ್ತು. ಪಾತ್ರೆ ಇಳಿಸಿ, ಉರಿ ಆರಿದೆ ಅಂತ ತಿಳಿದು ಅವರಲ್ಲೊಬ್ಬರು ದೊಡ್ಡ ಬಾಟಲಿಯಿಂದ ಮತ್ತೆ ಜೆಲ್ ಸುರಿದರು. ಉರಿ ಆರಿರಲಿಲ್ಲ. ಸ್ಪಿರಿಟ್‌ನ ಉರಿ ತೆಳು ನೀಲಿ, ಬಿಸಿಲಲ್ಲಿ ಕಣ್ಣಿಗೇ ಕಾಣಲ್ಲ. ಭಗ್ ಅಂತ ಬಾಟಲಿ ಬಾಯಿಂದ ಬೆಂಕಿ ಚಿಮ್ಮಿತು. ನನ್ನ ಪಕ್ಕ ಕೂತಿದ್ದ ಹುಡುಗಿಯ ಮೂರು ಬೆರಳು ಸುಟ್ಟವು. ನನ್ನ ತೋಳಿನ ಬಟ್ಟೆಗೆ ಹತ್ತಿಕೊಂಡಿತು. ನಾನೇ ನನ್ನ ಪಾತ್ರೆಯ ನೀರನ್ನು ತೋಳಿನ ಮೇಲೆ ಸುರಿದುಕೊಂಡೆ, ಖಾಲಿ ಪಾತ್ರೆಯನ್ನು ಡಬ್ಬಿಯ ಮೇಲೆ ಬೋರಲು ಹಾಕಿದೆ. ಗಾಳಿ ಸಿಗದೆ ಉರಿ ಆರಿತು. ಅವರ ಗಾಡಿಯಲ್ಲಿ ಒಂದು ಔಷಧಿ ಪೆಟ್ಟಿಗೆಯೂ ಇರಲಿಲ್ಲ. 20 ನಿಮಿಷ ತಣ್ಣೀರಲ್ಲಿ ಹುಡುಗಿಯ ಕೈ ಹಿಡಿದುಕೊಂಡು ಕೂತವರು ನಾವು. ಆಗ ಅವರು ಸಾಮಾನು ತುಂಬುತ್ತಿದ್ದರು. ಆ ಗಡಿಬಿಡಿಯಲ್ಲಿ ನನ್ನ ಪಾತ್ರೆಯನ್ನೂ ತುಂಬಿಕೊಂಡು ಹೋದರು.

ಉರಿಯುವ ಒಲೆಗೆ ಇಂಧನ ಸುರಿಯಬಾರದು, ಡಬ್ಬಿ ಪೂರ್ತಿ ತಣ್ಣಗಾಗಬೇಕು, ಪಕ್ಕದಲ್ಲಿ ಮುಚ್ಚಳ ಇರಬೇಕು. ಇದು ಮೊದಲ ಪಾಠ ಅಲ್ವಾ? ಅಮೆರಿಕದಲ್ಲಿ ಹೀಗೆ ಸುರಿಯುವಾಗಲೇ ಜನ ಸುಟ್ಟುಕೊಂಡು, 2011ರಲ್ಲಿ ಸುರಿಯುವ ಜೆಲ್ ಬಾಟಲಿಗಳನ್ನೇ ಅಂಗಡಿಗಳಿಂದ ವಾಪಸ್ ತರಿಸಿಕೊಂಡರು. ಆ ವಿಷಯ ಕಲಿಸಲು ಬಂದವರಿಗೆ ಗೊತ್ತಿರಬೇಡವಾ?

ನೀರು ಯಾಕೆ ಕುದಿಯಲಿಲ್ಲ ಅಂತಲೂ ಯಾರೂ ಹೇಳಲಿಲ್ಲ. ಒಂದು ಕಿಲೋ ಸೀಮೆಎಣ್ಣೆಯಲ್ಲಿ ಸುಮಾರು 43 ಮೆಗಾಜೂಲ್ ಶಾಖ ಇದ್ದರೆ, ಒಂದು ಕಿಲೋ ಎಥನಾಲ್‌ನಲ್ಲಿ ಸುಮಾರು 27. ನೀರು ಸೇರಿದ ಜೆಲ್‌ನಲ್ಲಿ ಇನ್ನೂ ಕಡಿಮೆ. ದೊಡ್ಡ ಪಾತ್ರೆ ಇಟ್ಟು ಗಾಳಿಗೆ ಒಡ್ಡಿದರೆ ಕುದಿಯಲ್ಲ. ಗಾಳಿಗೆ ಮರೆ ಬೇಕು, ಪಾತ್ರೆಗೆ ಮುಚ್ಚಳ ಬೇಕು, ಜೆಲ್‌ಗೆ ಅಂತಲೇ ಮಾಡಿದ ಒಲೆ ಬೇಕು. ನಿಜ ಹೇಳಿದ್ದರೆ ನಾವು ಬೇಡ ಅನ್ನುತ್ತಿರಲಿಲ್ಲ. ಆಫ್ರಿಕಾದ ಬಡವರ ಮನೆಗಳಿಗೆ ಈ ಜೆಲ್ ಮುಟ್ಟಿಸೋಕೆ ವಿಶ್ವ ಬ್ಯಾಂಕ್ ನೆರವಿನಲ್ಲಿ 2000ದಲ್ಲೇ ಕೆಲಸ ಶುರುವಾಗಿತ್ತು. ಮಹಾರಾಷ್ಟ್ರದ ಫಲ್ಟಣ್‌ನಲ್ಲಿರುವ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಅರ್ಧ ನೀರು, ಅರ್ಧ ಎಥನಾಲ್ ಇದ್ದರೂ ಉರಿಯುವ ಒಲೆ ಮಾಡಿದ್ದಾರೆ. ಗೊತ್ತಿದ್ದವರು ಲೋಕದಲ್ಲಿ ಇದ್ದಾರೆ. ನಮ್ಮ ಕಡೆಗೆ ಮಾತ್ರ ಗೊತ್ತಿಲ್ಲದವರನ್ನೇ ಯಾಕೆ ಕಳಿಸುತ್ತಾರೆ?

ಇದು ಮೊದಲನೇ ಸಲವೂ ಅಲ್ಲ. ಹೊಗೆರಹಿತ ಒಲೆ ಅಂತ ಹಾಕಿಕೊಟ್ಟರು, ಕೊಳವೆಯೊಳಗಿನ ಮಸಿ ತೆಗೆಯೋದು ಹೇಗೆ ಅಂತ ಹೇಳಲಿಲ್ಲ. ಕೊಳವೆ ಕಟ್ಟಿಕೊಂಡು ಹೊಗೆ ಮೊದಲಿಗಿಂತ ಜಾಸ್ತಿ ಆಯಿತು. ಜೈವಿಕ ಅನಿಲದ ಗುಂಡಿ ತೋಡಿಸಿದರು, ಮೇಲಿನ ಡ್ರಮ್ ತುಕ್ಕು ಹಿಡಿದು ತೂತಾದಾಗ ಯಾರೂ ತಿರುಗಿ ನೋಡಲಿಲ್ಲ. ಆ ಗುಂಡಿಗೆ ಎರಡು ಸಲ ಕರು ಬಿತ್ತು. ಪ್ರತಿ ಸಲವೂ ಫೋಟೊ, ಪ್ರತಿ ಸಲವೂ ನಮ್ಮ ಸಹಿ.

ಸ್ಪಿರಿಟ್ ಕತೆ ಇನ್ನೊಂದು. ಶಿಬಿರಕ್ಕೆ ಮುಂಚೆಯೇ ನಾವು ಹನ್ನೊಂದು ಜನ ಸೇರಿ ಇಂಧನಕ್ಕೆ ಸ್ಪಿರಿಟ್ ಕೊಳ್ಳಲು ಅನುಮತಿ ಕೇಳಿದ್ದೆವು. ಐದು ಸಲ ಕಚೇರಿಗೆ ಅಲೆದೆ. ಒಂದು ಸಲ ಸಾಹೇಬರಿಲ್ಲ, ಒಂದು ಸಲ ಅರ್ಜಿ ನಮೂನೆ ಬದಲಾಗಿದೆ, ಇನ್ನೊಂದು ಸಲ ಊಟದ ಸಮಯ. ಐದನೇ ಸಲ ಒಬ್ಬರು, ಕೊಟ್ಟರೆ ನಿಮ್ಮ ಗಂಡಸರು ಕುಡಿದುಬಿಡ್ತಾರೆ ಅಂತ ಮುಖಕ್ಕೇ ಹೇಳಿದರು. ಕುಡಿಯೋಕೆ ಆಗದಂತೆ ಕಹಿ ಬೆರೆಸುವುದು ಎಷ್ಟೋ ವರ್ಷದಿಂದ ಇದೆಯಲ್ಲ! ಡಿನಟೋನಿಯಂ ಅನ್ನುವ ಪುಡಿ ಚಿಟಿಕೆ ಬಿದ್ದರೆ ಸಾಕು, ನಾಲಿಗೆಗೆ ಮುಟ್ಟಿಸೋಕೂ ಆಗಲ್ಲ. ಅದನ್ನು ಬೆರೆಸಿ ಕೊಡಿ. ಮೆಥನಾಲ್ ಅನ್ನುವ ವಿಷದ ಮದ್ಯಸಾರ ಬೆರೆಸಿದ್ದು ಮಾತ್ರ ಕೊಡಬೇಡಿ. ಅದು 10 ಮಿಲಿಲೀಟರ್ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಅದರ ಆವಿಯೂ ಒಳ್ಳೆಯದಲ್ಲ. ಮುಚ್ಚಿದ ಅಡುಗೆಮನೆಯಲ್ಲಿ ಅದನ್ನು ಉಸಿರಾಡುವವರು ನಾವು, ನಮ್ಮ ಮಕ್ಕಳು. ನಮ್ಮ ಅರ್ಜಿ ಈಗ ಯಾವ ಮೇಜಿನ ಮೇಲಿದೆಯೋ ಗೊತ್ತಿಲ್ಲ.

ಹುಡುಗಿಗೆ ಇನ್ನೂ ಬೆರಳು ಮಡಚೋಕೆ ಆಗುತ್ತಿಲ್ಲ. ಅವತ್ತು ಸಂಜೆ ನಾನು ಸುಟ್ಟ ತೋಳಿನಲ್ಲೇ ಸೌದೆ ಆಯ್ದು ತಂದೆ. ಮನೆಗೆ ಬಂದರೆ ಇಡೋಕೆ ಪಾತ್ರೆ ಇಲ್ಲ. ಪಕ್ಕದ ಮನೆಯಿಂದ ಸಾಲ ತಂದೆ.

ಸಂಬಂಧಪಟ್ಟವರು ಓದುತ್ತಿದ್ದರೆ ಕೇಳಿ. ಬರುವುದಾದರೆ ಕಲಿತುಕೊಂಡು ಬನ್ನಿ, ಮೂರು ದಿನ ಇದ್ದು ಕಲಿಸಿ, ಸ್ಪಿರಿಟ್‌ಗೆ ಅನುಮತಿ ಕೊಡಿಸಿ. ಆಗಲ್ಲ ಅಂದರೆ ಬರಲೇಬೇಡಿ. ಹುಡುಗಿಯ ಔಷಧಿ ಖರ್ಚು ಕೊಡಿ. ನನ್ನ ಪಾತ್ರೆ ವಾಪಸ್ ಕಳಿಸಿ. ಸಂಪಾದಕರೇ, ನೀವೂ ಆ ಫೋಟೊದ ಕೆಳಗಿನ ಸಾಲು ಸುಳ್ಳು ಅಂತ ನಾಳೆಯೇ ಅಚ್ಚು ಹಾಕಿ, ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ.

ಇಂತಿ,
ಫೋಟೊದಲ್ಲಿ ಎಡಗಡೆ ಇರುವವಳು