ನನಗೆ ಉಣಬಡಿಸಿದ ಎಲ್ಲರಿಗೂ

ಮೊನ್ನೆಯ ತಪಾಸಣೆಯಲ್ಲೂ ಏನೂ ಕಂಡುಬಂದಿಲ್ಲ. ನನಗೆ ಬಂದಿದ್ದ ಹಾಡ್ಜ್‌ಕಿನ್ ಲಿಂಫೋಮಾ ಎಂಬ ಕ್ಯಾನ್ಸರ್ ಮತ್ತೆ ಬರುವುದಿದ್ದರೆ ಹೆಚ್ಚಾಗಿ ಚಿಕಿತ್ಸೆ ಮುಗಿದ ಮೊದಲ ಎರಡು ವರ್ಷದೊಳಗೇ ಬರುತ್ತದೆ, ಅದನ್ನು ದಾಟಿದರೆ ಧೈರ್ಯ ತಂದುಕೊಳ್ಳಬಹುದು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಆ ಎರಡು ವರ್ಷ ದಾಟಿತು. ನಡುವೆ ಬರೆದರೆ ಎಲ್ಲಿ ದೃಷ್ಟಿ ತಾಗೀತೋ ಎಂದು ಆಯಿ, ನನ್ನ ಅಮ್ಮ, ತಡೆದಿದ್ದಳು. ಈಗ ಅವಳೇ "ಬರೆ, ಎಲ್ರಿಗೂ ಹೇಳವು" ಅಂದಿದ್ದಾಳೆ. ಅದಕ್ಕೇ ಈ ನಾಲ್ಕು ಮಾತು.

ಮೆಲ್ಬೋರ್ನ್‌ನಲ್ಲಿ ನನ್ನನ್ನು ನೋಡಿಕೊಂಡ ಡಾಕ್ಟರುಗಳಿಗೆ, ಎರಡು ವಾರಕ್ಕೊಮ್ಮೆ ಸೂಜಿ ಚುಚ್ಚುವ ಮೊದಲು ಪ್ರತಿ ಸಲವೂ ಕೈ ಹಿಡಿದು ಮಾತಾಡಿಸಿದ ನರ್ಸುಗಳಿಗೆ ನಾನು ಜನ್ಮವಿಡೀ ಋಣಿ. ಔಷಧಿ ರೋಗ ತೆಗೆಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಔಷಧಿ ತಡೆದುಕೊಳ್ಳಲು ಮೈಯಲ್ಲಿ ಕಸುವು ಬೇಕಲ್ಲ, ಅದನ್ನು ಕೊಟ್ಟವರ ಬಗ್ಗೆಯೇ ನನಗೆ ಹೆಚ್ಚು ಹೇಳಬೇಕಾಗಿದೆ.

ಕಿಮೊ ಶುರುವಾದ ಸ್ವಲ್ಪ ದಿನಕ್ಕೇ ನಾಲಿಗೆ ಕೆಟ್ಟಿತು. ಅನ್ನ, ಹಾಲು, ಕೊನೆಗೆ ನೀರು ಕುಡಿದರೂ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗೆ. ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದವಳಿಗೆ ಇದು ಎಂಥ ಸಂಕಟ ಎಂದು ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ದೇವರೂ ಊಟವೂ ಬೇರೆ ಬೇರೆ ಆಗಿರಲೇ ಇಲ್ಲ. ಅಪ್ಪಯ್ಯ ಪೂಜೆ ಮುಗಿಸಿ ನೈವೇದ್ಯ ಮಾಡುವ ತನಕ ಅಡುಗೆಮನೆಯಲ್ಲಿ ಯಾರೂ ಒಂದು ಹನಿ ಬಾಯಿಗೆ ಹಾಕುತ್ತಿರಲಿಲ್ಲ. ಆಯಿ ಸಾರಿನ ಕುದಿ ನೋಡಿ, ಪರಿಮಳ ಹಿಡಿದು, ಉಪ್ಪು ಸಾಕೋ ಬೇಕೋ ಹೇಳುತ್ತಿದ್ದಳು. ರುಚಿ ನೋಡದೆ ಅಡುಗೆ ಮಾಡುವುದು ಅವಳಿಗೆ ರೂಢಿ. ರುಚಿ ಸಿಗದೆ ಉಣ್ಣುವುದು ನನಗೆ ಬಂತು. ಒಂದು ರಾತ್ರಿ ಫೋನಿನಲ್ಲಿ "ಇನ್ನು ನನ್ನಿಂದಾಗುವುದಿಲ್ಲ" ಎಂದು ಅತ್ತಾಗ ಅವಳು ಹೇಳಿದ್ದಿಷ್ಟೇ: "ದೇವ್ರಿಗೆ ತೋರ್ಸಿ ಉಣ್ಣು ಮಗಾ, ರುಚಿ ಅಂವ ನೋಡ್ಕತ್ತ."

ಮರುದಿನದಿಂದ ಗಂಜಿ ಬಟ್ಟಲನ್ನು ಇಡಗುಂಜಿಯಿಂದ ತಂದ ಗಣಪತಿ ಪಟದ ಮುಂದೆ ಇಟ್ಟು, ಕೈ ಮುಗಿದು, ಆಮೇಲೆ ಉಣ್ಣತೊಡಗಿದೆ. ಇಟ್ಟ ಮೇಲೆ ಅದು ಪ್ರಸಾದ, ಚೆಲ್ಲುವ ಹಾಗಿಲ್ಲ. ಎಷ್ಟೋ ಬಟ್ಟಲು ಆ ಒಂದೇ ಕಾರಣಕ್ಕೆ ಖಾಲಿಯಾದವು. ನನ್ನ ತೂಕ ಇನ್ನಷ್ಟು ಇಳಿಯದೆ ನಿಂತದ್ದು ಹಾಗೆ.

ಆಯಿ ಊರಿನಲ್ಲಿ ಸುಮ್ಮನಿರಲಿಲ್ಲ. 2024ರ ಮಾರ್ಚ್‌ನ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ, ಮಂಡಿ ನೋವಿದ್ದರೂ, ಜಾತ್ರೆ ನಡೆಯುವ ಬಿಡ್ಕಿಬೈಲಿನ ಸರತಿಯಲ್ಲಿ ನಿಂತು ನನ್ನ ಹೆಸರಲ್ಲಿ ಅಮ್ಮನವರಿಗೆ ಉಡಿ ತುಂಬಿದಳು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಸರಿಯಾಗಿ ಆಗಲೇ ಬಂದದ್ದನ್ನು ಅವಳು ಇವತ್ತಿಗೂ ಕಾಕತಾಳೀಯ ಎನ್ನುವುದಿಲ್ಲ. ನಾನೂ ಎನ್ನುವುದಿಲ್ಲ. ಆ ಸರತಿಯಲ್ಲಿ ಅವಳಿಗೆ ನೀರು ಕೊಟ್ಟು ಕೂರಲು ಜಾಗ ಮಾಡಿದ ಹೆಣ್ಣುಮಕ್ಕಳು ಯಾರೋ, ಅವರ ಮನೆ ತಣ್ಣಗಿರಲಿ.

ಇಲ್ಲಿ ನನ್ನ ಪಾಲಿಗೆ ದೇವರು ಕಳಿಸಿದವರು ಕಾರವಾರದ ಕಡೆಯ ಒಬ್ಬ ಅಕ್ಕ. ಅವರು ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ, ದಿನವೂ ಮೀನು ಬೇಯುವ ಮನೆ. ನನಗಾಗಿ ಒಂದು ಪಾತ್ರೆ, ಒಂದು ಸೌಟು ಬೇರೆಯೇ ತೆಗೆದಿಟ್ಟು, ಅದರಲ್ಲೇ ಕುಚ್ಚಲಕ್ಕಿ ಗಂಜಿ ಬೇಯಿಸಿ, ಟವೆಲ್ ಸುತ್ತಿ ತರುತ್ತಿದ್ದರು. ನಾನು ಕೇಳಿರಲಿಲ್ಲ. ಬಾಯಿ ಹುಣ್ಣಾದಾಗ ಗಂಜಿ ಇನ್ನಷ್ಟು ತೆಳ್ಳಗೆ, ಹುಣ್ಣು ಮಾಗಿದ ಮೇಲೆ ಮುರುಗಲ ಸಾರು. ಭಾನುವಾರದ ಪೂಜೆಯಲ್ಲಿ ನನ್ನ ಹೆಸರು ಹೇಳಿಸುತ್ತಿದ್ದರಂತೆ, ಅದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಅಕ್ಕ, ನಿಮ್ಮ ಋಣ ತೀರಿಸುವ ದಾರಿ ನನಗೆ ಕಾಣುತ್ತಿಲ್ಲ.

ಅಘನಾಶಿನಿ ದಂಡೆಯ ಮರದ ಮಿಡಿಯಲ್ಲಿ ದೊಡ್ಡಾಯಿ ಹಾಕಿ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಮಾತ್ರ ಅಷ್ಟೂ ತಿಂಗಳು ಮುಚ್ಚಳ ತೆರೆಯದೆ ಕಪಾಟಿನಲ್ಲಿತ್ತು. ಬಿಳಿ ರಕ್ತಕಣ ಇಳಿದಿರುವಾಗ ಮನೆಯಲ್ಲಿ ಹಾಕಿದ ಉಪ್ಪಿನಕಾಯಿ, ಹಸಿ ಸೊಪ್ಪು ಬೇಡ ಎಂದಿದ್ದರು. ಹಾಗಾಗಿ ದೊಡ್ಡಪತ್ರೆ ತಂಬುಳಿಯೂ ಇಲ್ಲ. ಗೆಳತಿಯೊಬ್ಬಳು ತಂದುಕೊಟ್ಟ ದೊಡ್ಡಪತ್ರೆ ಗಿಡ ಮಾತ್ರ ಕಿಟಕಿಯ ಬಿಸಿಲಿಗೆ ಕುಂಡ ತುಂಬಿ ಹಬ್ಬಿತ್ತು.

ಚಿಕಿತ್ಸೆ ಮುಗಿದ ಕೆಲ ವಾರಕ್ಕೆ ವಿಯೆಟ್ನಾಮಿನವರ ಅಂಗಡಿಯಿಂದ ಹಸಿ ಮಾವಿನಕಾಯಿ ತಂದು ಅಪ್ಪೆಹುಳಿ ಮಾಡಿದೆ. ಬೇಯಿಸಿ, ಕಿವುಚಿ, ನೀರು ಬೆರೆಸಿ, ಉಪ್ಪು ಹಾಕಿ, ಮೇಲಿಂದ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಅಪ್ಪೆಯ ಸೊನೆಯ ಪರಿಮಳ ಅದಕ್ಕಿಲ್ಲ, ಬರುವುದೂ ಇಲ್ಲ. ಆದರೆ ಮೊದಲ ಗುಟುಕಿಗೆ ನಾಲಿಗೆಯ ಎರಡೂ ಅಂಚು ಜುಮ್ಮೆಂದವು, ಹಿಂದೆಯೇ ಇಂಗು ಬಂತು, ಆಮೇಲೆ ಮೆಣಸಿನ ಖಾರ ಗಂಟಲಿಗೆ ತಾಗಿತು. ಒಂದೊಂದಾಗಿ, ಬೇರೆ ಬೇರೆಯಾಗಿ. ಲೋಟ ಹಿಡಿದು ನಿಂತಲ್ಲೇ ಆಯಿಗೆ ಫೋನ್ ಮಾಡಿದೆ. ಆಗ ಊರಿನಲ್ಲಿ ಇನ್ನೂ ಬೆಳಗಿನ ಹೊತ್ತು, ಅಪ್ಪಯ್ಯನ ಪೂಜೆ ಮುಗಿದಿರಲಿಲ್ಲ. ಗಂಟೆ ಹಿಡಿದ ಕೈಯಲ್ಲೇ ಎದ್ದು ಬಂದರಂತೆ. ಪೂಜೆಯ ಮಧ್ಯೆ ಅವರು ಎದ್ದದ್ದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಈ ಚೌತಿಗೆ ಊರಿಗೆ ಬರುತ್ತಿದ್ದೇನೆ. ಮೊದಲು ಇಡಗುಂಜಿಗೆ ಹೋಗಿ ಆಯಿ ಹೇಳಿಕೊಂಡ ಹರಕೆ ಸಲ್ಲಿಸಬೇಕು. ಆಮೇಲೆ ಚಕ್ಕುಲಿ ಕಂಬಳ. ಊರಿನ ಗಂಡಸರೆಲ್ಲ ಸಾಲಾಗಿ ಕೂತು ಹಿಟ್ಟನ್ನು ಬೆರಳಲ್ಲೇ ಹೊಸೆದು ಸುತ್ತುವಾಗ ಬಿಸಿ ಚಕ್ಕುಲಿ ಎತ್ತಿಕೊಂಡು ಓಡುವ ವಯಸ್ಸು ದಾಟಿದೆ, ಆದರೂ ಜಗಲಿಯ ಮೇಲೆ ನನಗೊಂದು ಜಾಗ ಇಡಿ. ಗಣಪತಿಯ ಮೇಲೆ ತೂಗುವ ಫಲಾವಳಿಗೆ ಕಟ್ಟುವ ಅಡಿಕೆ ಗೊನೆ ಈ ಸಲ ನಾನೇ ಆರಿಸುತ್ತೇನೆ ಎಂದು ಅಣ್ಣನಿಗೆ ಹೇಳಿಟ್ಟಿದ್ದೇನೆ.

ಇನ್ನೊಂದು ವಿಷಯ. ಊರಿಂದ ಬಂದ ಒಂದು ಡಬ್ಬಿಯಲ್ಲಿ, ಅತ್ತಿಗೆ ಮಾಡಿದ ತೆಳು ಸಿಹಿ ತಿಂಡಿ ತೊಡದೇವಿನ ಕಟ್ಟಿನ ಕೆಳಗೆ, ಬಾಳೆನಾರಿನಲ್ಲಿ ಕಟ್ಟಿದ ಹಲಸಿನ ಹಪ್ಪಳ ಇತ್ತು. ಹೆಸರು ಬರೆದಿರಲಿಲ್ಲ. ಯಾರೋ ಬಂದು ಮನೆಯ ಜಗಲಿಯ ಮೇಲೆ ಇಟ್ಟು ಹೋಗಿದ್ದರು ಅನ್ನುತ್ತಾಳೆ ಆಯಿ, ಅವಳಿಗೂ ಯಾರೆಂದು ತಿಳಿಯಲಿಲ್ಲ. ಇಟ್ಟವರು ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ಮಾತು ತಿಳಿಸಿ. ಚೌತಿಗೆ ಬಂದಾಗ ನಿಮ್ಮ ಮನೆಗೇ ಬಂದು ನಮಸ್ಕಾರ ಮಾಡುತ್ತೇನೆ.